ಸ್ಕೋಪ್ ಕಳಚಿ ಮತ್ತೆ ಹಾಕಿದರೆ ಗುರಿ ಏಕೆ ತಪ್ಪುತ್ತದೆ?

ಓದುಗರ ಪ್ರಶ್ನೆ:

ನಮಸ್ಕಾರ ಸರ್. ನಾನು ಹಾಸನದ ಕಡೆಯವನು, ಹಲವು ವರ್ಷಗಳಿಂದ ಟೆಕ್ಸಾಸ್‌ನ ಆಸ್ಟಿನ್ ಬಳಿ ನೆಲೆಸಿದ್ದೇನೆ. ನನ್ನ ಬಳಿ 16 ಇಂಚಿನ ನಳಿಗೆಯ, 5.56 ತೋಟಾ ಬಳಸುವ ಎಆರ್-15 ರೈಫಲ್ ಇದೆ. ರೇಂಜ್‌ನಲ್ಲಿ 300 ಗಜದವರೆಗೆ ಹೊಡೆಯಲು 1ರಿಂದ 6 ಪಟ್ಟು ಹಿಗ್ಗಿಸುವ ಸ್ಕೋಪ್ ಇದೆ. ಗೆಳೆಯರೊಬ್ಬರ ರಾಂಚ್‌ಗೆ ಕಾಡುಹಂದಿ ಹೊಡೆಯಲು ಹೋಗುವಾಗ ಅದನ್ನು ತೆಗೆದು ರೆಡ್ ಡಾಟ್ (ಹಿಗ್ಗಿಸದೆ, ಕೆಂಪು ಚುಕ್ಕೆಯಿಂದ ಗುರಿ ತೋರಿಸುವ ಸಾಧನ) ಹಾಕಿಕೊಳ್ಳುತ್ತೇನೆ. ಎರಡಕ್ಕೂ ಲಿವರ್ ಎಳೆದು ಬಿಚ್ಚುವ ಕ್ವಿಕ್ ಡಿಟ್ಯಾಚ್ ಮೌಂಟ್‌ಗಳಿವೆ, ಅಂದರೆ ಅವನ್ನು ರೈಫಲ್‌ಗೆ ಬಿಗಿಯುವ ಆಧಾರಗಳು. ಸ್ಕೋಪಿನ ಮೌಂಟ್ ಗೆಳೆಯರ ರೈಫಲ್‌ನಿಂದ ಬಂದದ್ದು. ಕಣ್ಣಿಗೆ ತೀರಾ ಹತ್ತಿರವಾಗುತ್ತಿದ್ದುದರಿಂದ ಅದನ್ನು ಸ್ವಲ್ಪ ಮುಂದಕ್ಕೆ ಸರಿಸಿದ್ದೇನೆ. ಈಗ ಅದರ ಮುಂದಿನ ಹಿಡಿತ ನಳಿಗೆಯ ಸುತ್ತಲಿನ ಹ್ಯಾಂಡ್‌ಗಾರ್ಡ್‌ನ ರೈಲ್ (ಮೌಂಟ್ ಕಚ್ಚಿಕೊಳ್ಳುವ ಪಟ್ಟಿ) ಮೇಲೆ ಕೂರುತ್ತದೆ. ಕಳೆದ ತಿಂಗಳು ಸ್ಕೋಪ್ ಮತ್ತೆ ಹಾಕಿದಾಗ 100 ಗಜದಲ್ಲಿ ಗುಂಡುಗಳು 3 ಇಂಚು ಎಡಕ್ಕೆ ಬಿದ್ದವು. ಮೂರು ಗುಂಡು ಹೊಡೆದು ಸರಿಮಾಡಿಕೊಂಡೆ. ಮುಂದಿನ ವಾರ ಹಾಗೆಯೇ ಬದಲಿಸಿದಾಗ ಬಲಕ್ಕೆ ಬಿದ್ದವು. ‘ಜೀರೋ ಹೋಗುವುದಿಲ್ಲ’, ಅಂದರೆ ಒಮ್ಮೆ ಹೊಂದಿಸಿದ ಗುರಿ ಕಳಚಿ ಹಾಕಿದರೂ ತಪ್ಪುವುದಿಲ್ಲ ಎಂಬುದು ಬರೀ ವ್ಯಾಪಾರದ ಮಾತೇ? ಇನ್ನೂ ದುಬಾರಿ ಮೌಂಟ್ ಕೊಳ್ಳಬೇಕೇ? ಮುಂದೆ ರಾತ್ರಿ ಬೇಟೆಗೆ, ಮೈಶಾಖದಿಂದ ಪ್ರಾಣಿಯನ್ನು ತೋರಿಸುವ ಥರ್ಮಲ್ ಸ್ಕೋಪ್ ಕೊಳ್ಳುವ ಯೋಚನೆಯೂ ಇದೆ. ಕೊನೆಯದಾಗಿ, ಊರಿನಲ್ಲಿ ನಮ್ಮ ಭಾವನವರ ಬಳಿ ಲೈಸೆನ್ಸ್ ಇರುವ .315 ರೈಫಲ್ ಇದೆ. ನನ್ನ ಹಳೆಯ ಸ್ಕೋಪ್ ಮತ್ತು ಮೌಂಟನ್ನು ಅವರಿಗೆ ತಂದುಕೊಡಬಹುದೇ?

ಉತ್ತರ:

ನಮಸ್ಕಾರ. ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಒಂದರೊಳಗೊಂದು ಸೇರಿಕೊಂಡಿವೆ: ಕಳಚಿ ಹಾಕುವ ಮೌಂಟುಗಳನ್ನೇ ನಂಬಬಹುದೇ ಎಂಬುದು ಒಂದು, ನಿಮ್ಮ ಮೌಂಟ್ ಕೆಟ್ಟಿದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ, ಒಂದು ಮಿತಿಯೊಳಗೆ ನಂಬಬಹುದು ಎಂದು. ಎರಡನೆಯದಕ್ಕೆ, ಮೌಂಟ್ ಕೆಟ್ಟಿರುವ ಸಂಭವ ಕಡಿಮೆ, ಅದು ಕುಳಿತಿರುವ ಜಾಗವೇ ತಪ್ಪು ಎಂದು. ಹೀಗೆ ಹೇಳುವುದಕ್ಕೆ ಬೇಕಾದ ಸುಳಿವುಗಳನ್ನೆಲ್ಲ ನೀವೇ ಪತ್ರದಲ್ಲಿ ಬರೆದಿದ್ದೀರಿ.

ನಾನು ಭಾರತೀಯ ಸೇನೆಯ ಇಎಂಇ ಕೋರ್‌ನಲ್ಲಿ (ಸೇನೆಯ ಯಂತ್ರೋಪಕರಣ ದುರಸ್ತಿಯ ವಿಭಾಗ) 21 ವರ್ಷ ಆರ್ಮರರ್, ಅಂದರೆ ಆಯುಧ ದುರಸ್ತಿಗಾರ ಆಗಿದ್ದು, ಈಗ ಒಂಬತ್ತು ವರ್ಷಗಳಿಂದ ಇಲ್ಲೊಂದು ಬಂದೂಕು ದುರಸ್ತಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಕಳಚಿ ಹಾಕುವ ಸ್ಕೋಪ್ ಎಂಬುದು ಎಆರ್-15ರ ಕಾಲದ ಹೊಸ ಆಲೋಚನೆಯೇನಲ್ಲ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಅಮೆರಿಕದ ಎಂ1ಸಿ ಗರಾಂಡ್ ರೈಫಲ್‌ಗೆ ಗ್ರಿಫಿನ್ ಅಂಡ್ ಹೌ ಕಂಪನಿಯ, ಲಿವರುಗಳಿಂದ ಬಿಗಿಯುವ ಪಕ್ಕದ ಮೌಂಟ್ ಇತ್ತು. ನಾನು ಕೈಯಾರೆ ಕೆಲಸ ಕಲಿತದ್ದು ಡ್ರಗುನೋವ್ ರೈಫಲ್‌ನ ಪಿಎಸ್‌ಒ-1 ಸ್ಕೋಪ್ ಮೇಲೆ. ಆ ರೈಫಲ್‌ನ ಎಡಮಗ್ಗುಲಲ್ಲಿ ಒಂದು ರೈಲ್ ಇದೆ. ಸ್ಕೋಪನ್ನು ಹಿಂದಿನಿಂದ ಜಾರಿಸಿ, ತಡೆ ಸಿಗುವವರೆಗೆ ಮುಂದಕ್ಕೆ ಒತ್ತಿ, ಲಿವರ್ ಮುಚ್ಚಬೇಕು. ಲಿವರಿನ ಬುಡದಲ್ಲಿ ಹಲ್ಲುಗಳಿರುವ ಒಂದು ಸಣ್ಣ ನಟ್ ಇದೆ. ಲಿವರ್ ಸಡಿಲವೆನಿಸಿದರೆ ಆ ನಟ್ಟನ್ನು ಒಂದೇ ಒಂದು ಹಲ್ಲು ತಿರುಗಿಸಿ ಮತ್ತೆ ನೋಡಬೇಕು. ಒಂದು ಹಲ್ಲು ಹೆಚ್ಚಾದರೆ ಲಿವರ್ ಮುಚ್ಚುವುದೇ ಇಲ್ಲ, ಒಂದು ಕಡಿಮೆಯಾದರೆ ಸ್ಕೋಪ್ ನಡುಗುತ್ತದೆ. ಒಂದು ರೈಫಲ್‌ಗೆ ಹೊಂದಿಸಿದ ಸ್ಕೋಪನ್ನು ಇನ್ನೊಂದಕ್ಕೆ ಹಾಕಿದರೆ ಹೊಂದಾಣಿಕೆ ಮತ್ತೆ ಮೊದಲಿನಿಂದ ಶುರು. ಆ ಕೆಲಸ ನನಗೆ ಕಲಿಸಿದ್ದು ಇಷ್ಟು: ಜೀರೋ ಉಳಿಯುತ್ತದೆ ಎಂಬ ಮಾತನ್ನು ಮೌಂಟ್ ಒಂದರ ಬಗ್ಗೆಯೇ ಹೇಳಲಾಗದು. ಆ ಮೌಂಟ್, ಆ ರೈಲ್ ಮತ್ತು ಅದನ್ನು ಕೂರಿಸುವ ಕೈ, ಈ ಮೂರನ್ನೂ ಸೇರಿಸಿಯೇ ಹೇಳಬೇಕು.

ಈಗ ನಿಮ್ಮ 3 ಇಂಚಿನ ಲೆಕ್ಕಕ್ಕೆ ಬರೋಣ. 100 ಗಜವೆಂದರೆ 3600 ಇಂಚು. ಅಷ್ಟು ದೂರದಲ್ಲಿ 3 ಇಂಚು ತಪ್ಪಬೇಕಾದರೆ, 4 ಇಂಚು ಉದ್ದದ ಮೌಂಟಿನ ಒಂದು ತುದಿ ಇನ್ನೊಂದಕ್ಕೆ ಹೋಲಿಸಿದಾಗ ಎಷ್ಟು ಪಕ್ಕಕ್ಕೆ ಸರಿದಿರಬೇಕು ಎಂದು ಲೆಕ್ಕ ಹಾಕಿದರೆ, ಸುಮಾರು 0.08 ಮಿಲಿಮೀಟರ್ ಎಂಬ ಉತ್ತರ ಬರುತ್ತದೆ. ಇದು ಸರಿಸುಮಾರು ಒಂದು ತಲೆಗೂದಲಿನ ದಪ್ಪ. ರೈಲ್ ಮತ್ತು ಹಿಡಿತದ ನಡುವೆ ಒಂದು ಮರಳಿನ ಕಣವೋ, ಬಣ್ಣದ ಚಕ್ಕೆಯೋ, ಗಟ್ಟಿಯಾದ ಹಳೆಯ ಎಣ್ಣೆಯೋ ಸಿಕ್ಕಿಕೊಂಡರೆ ಸಾಕು, ನೀವು ಕಂಡ ತಪ್ಪು ಪೂರ್ತಿಯಾಗಿ ಅಲ್ಲಿಂದಲೇ ಬರಬಹುದು. ಇದರ ಜೊತೆಗೆ ಇನ್ನೊಂದು ಸಂಗತಿಯನ್ನೂ ಗಮನಿಸಿ. ಇಡೀ ಸ್ಕೋಪ್ ಓರೆಯಾಗದೆ, ಹಾಗೆಯೇ ಸಮಾನಾಂತರವಾಗಿ 0.08 ಮಿಲಿಮೀಟರ್ ಪಕ್ಕಕ್ಕೆ ಸರಿದಿದ್ದರೆ, ಗುಂಡು ಬೀಳುವ ಜಾಗ 100 ಗಜದಲ್ಲಿಯೂ ಅಷ್ಟೇ, ಅಂದರೆ ಕಣ್ಣಿಗೆ ಕಾಣದಷ್ಟು ಮಾತ್ರ ಬದಲಾಗುತ್ತಿತ್ತು. ಸ್ಥಾನ ಬದಲಾದುದಕ್ಕಿಂತ ಕೋನ ಬದಲಾದುದೇ ಗುರಿಯನ್ನು ಕೆಡಿಸುವುದು. ಆದ್ದರಿಂದ ನಾವು ಹುಡುಕಬೇಕಾದದ್ದು, ನಿಮ್ಮ ಮೌಂಟ್ ಪ್ರತಿ ಸಲ ಬೇರೆ ಬೇರೆ ಕೋನದಲ್ಲಿ ಕೂರುವಂತೆ ಮಾಡುತ್ತಿರುವುದು ಯಾವುದು ಎಂಬುದನ್ನು.

ನನ್ನ ಮೊದಲ ಅನುಮಾನ ಹ್ಯಾಂಡ್‌ಗಾರ್ಡ್ ಮೇಲೆ. ಮೌಂಟಿನ ಮುಂದಿನ ಹಿಡಿತ ಹ್ಯಾಂಡ್‌ಗಾರ್ಡ್ ಮೇಲೆ ಎಂದು ನೀವು ಬರೆದಿದ್ದೀರಿ. ಅಂದರೆ ಹಿಂದಿನದು ರಿಸೀವರ್ ಮೇಲೆ, ರೈಫಲ್‌ನ ಮುಖ್ಯ ಒಡಲಿನ ಮೇಲೆ. ಮೇಲಿನಿಂದ ನೋಡಿದರೆ ಎರಡೂ ಸೇರಿ ಒಂದೇ ಉದ್ದನೆಯ ರೈಲ್‌ನಂತೆ ಕಾಣುತ್ತವೆ, ಆದರೆ ಅವು ಎರಡು ಬೇರೆ ಬೇರೆ ತುಂಡುಗಳು. ನಳಿಗೆ ಕುಳಿತಿರುವುದು ರಿಸೀವರ್‌ನಲ್ಲಿ. ಹ್ಯಾಂಡ್‌ಗಾರ್ಡ್ ನೀವು ಕೈಯಿಂದ ಹಿಡಿಯುವ, ಬೈಪಾಡ್ ಜೋಡಿಸುವ, ಚೀಲದ ಮೇಲೆ ಒರಗಿಸುವ, ಸ್ಲಿಂಗ್ ಎಳೆಯುವ ಭಾಗ. ಆ ಪ್ರತಿಯೊಂದು ಒತ್ತಡಕ್ಕೂ ಅದು ಕೂದಲೆಳೆಯಷ್ಟು ಬಾಗುತ್ತದೆ, ನಳಿಗೆ ಬಿಸಿಯಾದಾಗ ಅದೂ ಬಿಸಿಯಾಗುತ್ತದೆ. ಎರಡರ ಮೇಲೂ ಕಾಲಿಟ್ಟ ಸ್ಕೋಪ್, ದೋಣಿಯಲ್ಲಿ ಒಂದು ಕಾಲು, ದಡದಲ್ಲಿ ಒಂದು ಕಾಲು ಇಟ್ಟು ನಿಂತವನಂತೆ. ಗುಂಡುಗಳು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬಿದ್ದದ್ದು ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಮೌಂಟ್ ಬಾಗಿದ್ದಷ್ಟೇ ಕಾರಣವಾಗಿದ್ದರೆ ತಪ್ಪು ಬಹುಮಟ್ಟಿಗೆ ಒಂದೇ ದಿಕ್ಕಿಗೆ ಇರಬೇಕಿತ್ತು.

ಇದನ್ನು ನೀವೇ ಮನೆಯಲ್ಲಿ ಪರೀಕ್ಷಿಸಬಹುದು. ಮ್ಯಾಗಝೀನ್ ತೆಗೆದು, ಬೋಲ್ಟ್ ಹಿಂದಕ್ಕೆ ಎಳೆದು, ಚೇಂಬರ್ ಖಾಲಿ ಇರುವುದನ್ನು ಕಣ್ಣಿನಿಂದ ನೋಡಿ, ಬೆರಳಿನಿಂದಲೂ ಮುಟ್ಟಿ ಖಚಿತಪಡಿಸಿಕೊಂಡ ಮೇಲೆ ಒಂದು ಉಕ್ಕಿನ ಅಳತೆಪಟ್ಟಿಯನ್ನು ಎರಡೂ ರೈಲ್‌ಗಳ ಮೇಲೆ ಅಡ್ಡವಾಗದಂತೆ ಉದ್ದಕ್ಕೆ ಇಡಿ, ಆಚೆ ಕಡೆ ಒಂದು ದೀಪ ಹಚ್ಚಿ, ಪಟ್ಟಿಯ ಅಡಿಯಿಂದ ಬೆಳಕು ನುಸುಳುತ್ತದೆಯೇ ನೋಡಿ. ಆಮೇಲೆ ಹ್ಯಾಂಡ್‌ಗಾರ್ಡ್‌ನ ತುದಿಯನ್ನು ಬೆರಳಿನಿಂದ ಮೆಲ್ಲಗೆ ಕೆಳಕ್ಕೆ ಒತ್ತಿ. ಬೆಳಕಿನ ಆ ಗೆರೆ ದಪ್ಪವಾಗುವುದನ್ನೋ ಸಣ್ಣದಾಗುವುದನ್ನೋ ನೋಡಿದವರು ಮತ್ತೆಂದೂ ಸ್ಕೋಪನ್ನು ಎರಡರ ಮೇಲೂ ಹಾಕಲಾರರು. ಕಣ್ಣಿಗೂ ಸ್ಕೋಪಿಗೂ ಇರಬೇಕಾದ ಅಂತರಕ್ಕಾಗಿ ನೀವು ಮೌಂಟನ್ನು ಮುಂದಕ್ಕೆ ತಂದಿದ್ದೀರಿ. ಅದಕ್ಕೆಂದೇ ಕ್ಯಾಂಟಿಲಿವರ್ ಮೌಂಟ್ ಇದೆ. ಅದರ ಹಿಡಿತಗಳೆಲ್ಲ ರಿಸೀವರ್ ಮೇಲೆಯೇ ಇದ್ದು, ಸ್ಕೋಪ್ ಹಿಡಿಯುವ ಉಂಗುರಗಳು ಮಾತ್ರ ಮುಂದಕ್ಕೆ ಚಾಚಿಕೊಂಡಿರುತ್ತವೆ. ನೀವು ಹಣ ಖರ್ಚು ಮಾಡುವುದಾದರೆ ಇದಕ್ಕೆ ಮಾಡಿ.

ಎರಡನೆಯ ಅನುಮಾನ ಗೆಳೆಯರ ರೈಫಲ್‌ನಿಂದ ಬಂದ ಲಿವರಿನ ಬಿಗುವಿನ ಮೇಲೆ. ಅಮೆರಿಕದ ಸೇನೆ 1995ರಲ್ಲಿ ಮಿಲ್-ಸ್ಟ್ಯಾಂಡರ್ಡ್-1913 ಎಂಬ ಹೆಸರಿನಲ್ಲಿ ಈ ರೈಲ್‌ಗೆ ಒಂದು ಮಾನಕ ಗೊತ್ತುಮಾಡಿತು. ನ್ಯೂಜೆರ್ಸಿಯ ಪಿಕಟಿನಿ ಶಸ್ತ್ರಾಗಾರದ ಹೆಸರಿನಿಂದ ನಾವೆಲ್ಲ ಅದನ್ನು ಪಿಕಟಿನಿ ರೈಲ್ ಎನ್ನುತ್ತೇವೆ. ರೈಲ್ ಮೇಲೆ ಅಡ್ಡಕ್ಕೆ ಕೊರೆದ ಪ್ರತಿ ಕಚ್ಚಿನ ಅಗಲ 0.206 ಇಂಚು, ಒಂದು ಕಚ್ಚಿನ ನಡುವಿನಿಂದ ಮುಂದಿನದರ ನಡುವಿಗೆ 0.394 ಇಂಚು. ಆದರೆ ಮಾರುಕಟ್ಟೆಯಲ್ಲಿ ಸಿಗುವ ರಿಸೀವರುಗಳೆಲ್ಲ ಈ ಅಳತೆಗೆ ಕರಾರುವಾಕ್ಕಾಗಿ ಇರುವುದಿಲ್ಲ. ಲೋಹದ ಮೇಲಿನ ಲೇಪನದ ದಪ್ಪವೂ ಬೇರೆ ಬೇರೆ. ಒಳ್ಳೆಯ ಮೌಂಟುಗಳಲ್ಲಿ ಲಿವರಿನ ಬಿಗುವನ್ನು ಹೊಂದಿಸಲು ನಟ್ ಅಥವಾ ಸ್ಕ್ರೂ ಕೊಟ್ಟಿರುವುದು ಇದೇ ಕಾರಣಕ್ಕೆ, ಕೆಲವದರಲ್ಲಿ ಅದು ಸ್ಪ್ರಿಂಗ್ ಮೂಲಕ ತಾನಾಗಿಯೇ ಹೊಂದಿಕೊಳ್ಳುತ್ತದೆ. ಗೆಳೆಯರ ರೈಲ್ ನಿಮ್ಮದಕ್ಕಿಂತ ಕೂದಲೆಳೆಯಷ್ಟು ದಪ್ಪವಿದ್ದಿದ್ದರೆ ನಿಮ್ಮ ರೈಲ್ ಮೇಲೆ ಆ ಲಿವರ್ ಸಲೀಸಾಗಿ ಮುಚ್ಚಿ, ಬಿಗಿಯಾದಂತೆ ಕಂಡೂ ಬಿಗಿಯಾಗಿರುವುದಿಲ್ಲ. ತಯಾರಕರ ಸೂಚನೆ ಓದಿ ನಿಮ್ಮ ರೈಲ್‌ಗೆ ಹೊಸದಾಗಿ ಹೊಂದಿಸಿ. ಸಾಮಾನ್ಯವಾಗಿ ಲಿವರ್ ಅರ್ಧ ದಾರಿ ಬಂದಾಗ ಗಟ್ಟಿತನ ಗೊತ್ತಾಗಲು ಶುರುವಾಗಿ, ಕೊನೆಯಲ್ಲಿ ಹೆಬ್ಬೆರಳಿನಿಂದ ಚೆನ್ನಾಗಿ ಒತ್ತಿದರೆ ಮುಚ್ಚುವಂತಿರಬೇಕು. ಎಷ್ಟು ಬಿಗಿಯಾದರೆ ಅಷ್ಟು ಒಳ್ಳೆಯದು ಎಂಬುದು ನಾನು ಅಂಗಡಿಯಲ್ಲಿ ಅತಿ ಹೆಚ್ಚು ಕೇಳುವ ತಪ್ಪು ನಂಬಿಕೆ. ಸುತ್ತಿಗೆಯ ಹಿಡಿಯಿಂದ ಬಡಿದು ಮುಚ್ಚಿದ ಲಿವರುಗಳನ್ನು ನಾನು ನೋಡಿದ್ದೇನೆ. ಅಲ್ಯುಮಿನಿಯಂ ರೈಲ್‌ನ ಅಂಚು ಅಂಥ ಕಡೆ ಜಜ್ಜಿಹೋಗಿರುತ್ತದೆ, ಮತ್ತು ಆ ರೈಲ್ ಮೇಲೆ ಮುಂದೆ ಯಾವ ಮೌಂಟೂ ನೆಟ್ಟಗೆ ಕೂರುವುದಿಲ್ಲ.

ಮೂರನೆಯದು ಕೂರಿಸುವ ಕ್ರಮ. ಮೌಂಟಿನ ಅಡಿಯಲ್ಲಿ ಕಚ್ಚಿನೊಳಗೆ ಇಳಿಯುವ ಅಡ್ಡ ಬೋಲ್ಟ್ ಕಚ್ಚಿಗಿಂತ ತುಸು ಸಣ್ಣದಿರುವುದರಿಂದ ಹಿಂದೆ ಮುಂದೆ ಸ್ವಲ್ಪ ಆಡುತ್ತದೆ. ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ, ಸ್ಕೋಪ್ ತನ್ನ ಭಾರದಿಂದ ಇದ್ದಲ್ಲೇ ಇರಲು ನೋಡುತ್ತದೆ. ಹಾಗಾಗಿ ರೈಲ್‌ಗೆ ಹೋಲಿಸಿದರೆ ಅದು ನಳಿಗೆಯ ಬಾಯಿಯ ಕಡೆಗೆ ಸರಿದಂತಾಗುತ್ತದೆ. ಆದ್ದರಿಂದ ಲಿವರ್ ಮುಚ್ಚುವ ಮೊದಲೇ ಮೌಂಟನ್ನು ಕಚ್ಚಿನ ಮುಂದಿನ ಗೋಡೆಗೆ ತಾಗುವವರೆಗೆ ಮುಂದಕ್ಕೆ ಒತ್ತಿ, ಒತ್ತಿ ಹಿಡಿದೇ ಲಿವರ್ ಮುಚ್ಚಬೇಕು. ಹಾಗೆ ಮಾಡದಿದ್ದರೆ ಮೊದಲ ಕೆಲವು ಗುಂಡುಗಳು ಆ ಕೆಲಸವನ್ನು ನಿಮ್ಮ ಬದಲಿಗೆ ಮಾಡುತ್ತವೆ, ಮತ್ತು ಅಷ್ಟರೊಳಗೆ ನೀವು ಆ ಗುಂಡುಗಳನ್ನೇ ನಂಬಿ, ಸ್ಕೋಪಿನ ಗುರಿ ಹೊಂದಿಸುವ ತಿರುಗುಗುಂಡಿಯನ್ನು ಕೆಲವು ಕ್ಲಿಕ್ ತಿರುಗಿಸಿರುತ್ತೀರಿ. ಹಾಕುವ ಮೊದಲು ಒಣಬಟ್ಟೆಯಿಂದ ರೈಲ್ ಮತ್ತು ಹಿಡಿತ ಎರಡನ್ನೂ ಒರೆಸಿ. ಪ್ರತಿ ಸಲವೂ ಅದೇ ಕಚ್ಚಿನಲ್ಲಿ ಹಾಕಿ. ಬಹಳಷ್ಟು ರಿಸೀವರುಗಳಲ್ಲಿ ಕಚ್ಚುಗಳಿಗೆ ಸಂಖ್ಯೆ ಕೆತ್ತಿರುತ್ತಾರೆ, ಇಲ್ಲದಿದ್ದರೆ ಬಿಳಿ ಬಣ್ಣದ ಒಂದು ಚುಕ್ಕೆ ಸಾಕು.

ಇನ್ನು ಆ ಮೂರು ಗುಂಡುಗಳ ವಿಚಾರ. ನಿಮ್ಮ ರೈಫಲ್ 100 ಗಜದಲ್ಲಿ 2 ಇಂಚಿನ ಗ್ರೂಪ್ ಕೊಡುತ್ತದೆ, ಅಂದರೆ ಒಂದೇ ಗುರಿಗೆ ಹೊಡೆದ ಗುಂಡುಗಳು 2 ಇಂಚಿನೊಳಗೆ ಹರಡುತ್ತವೆ ಎಂದಿಟ್ಟುಕೊಳ್ಳಿ. ಸಾಧಾರಣ ತೋಟಾದೊಂದಿಗೆ ಇಂಥ ರೈಫಲ್‌ನಿಂದ ಅದು ಚೆನ್ನಾದ ಫಲಿತಾಂಶವೇ. ಅಂಥ ರೈಫಲ್‌ನಲ್ಲಿ ಏನನ್ನೂ ಮುಟ್ಟದೆ, ಬಿಚ್ಚದೆ, ಮೂರು ಮೂರು ಗುಂಡಿನ ಎರಡು ಗ್ರೂಪ್ ಹೊಡೆದರೂ ಅವುಗಳ ನಡುಬಿಂದುಗಳು ಸುಮಾರು ಒಂದು ಇಂಚಿನವರೆಗೆ ದೂರ ಬೀಳಬಹುದು. ನೀವು ಕಂಡ 3 ಇಂಚು ಇದಕ್ಕಿಂತ ಬಹಳ ದೊಡ್ಡದು, ಹಾಗಾಗಿ ನಿಮ್ಮ ದೋಷ ಭ್ರಮೆಯಲ್ಲ. ಆದರೆ ಮೂರೇ ಗುಂಡು ನೋಡಿ ಹನ್ನೊಂದು ಹನ್ನೆರಡು ಕ್ಲಿಕ್ ತಿರುಗಿಸಿದಾಗ ಮೌಂಟಿನ ತಪ್ಪಿನ ಮೇಲೆ ನಿಮ್ಮ ಅಳತೆಯ ತಪ್ಪೂ ಸೇರಿಕೊಂಡಿತು, ಮುಂದಿನ ವಾರ ಗುಂಡುಗಳು ಬಲಕ್ಕೆ ಬಿದ್ದದ್ದರಲ್ಲಿ ಅದರ ಪಾಲೂ ಇರಬಹುದು.

ಕಣ್ಣಿನ ಬಗ್ಗೆಯೂ ಒಂದು ಮಾತು. ರೆಡ್ ಡಾಟ್ ಮತ್ತು ಸ್ಕೋಪ್ ಬೇರೆ ಬೇರೆ ಎತ್ತರದಲ್ಲಿದ್ದರೆ ಕೆನ್ನೆ ರೈಫಲ್‌ನ ಬಟ್ (ಭುಜಕ್ಕೆ ಒರಗುವ ಹಿಂಭಾಗ) ಮೇಲೆ ಕೂರುವ ಜಾಗ ಬದಲಾಗುತ್ತದೆ. ಸ್ಕೋಪಿನ ನಡುವಿನಿಂದ ಕಣ್ಣು ಪಕ್ಕಕ್ಕಿದ್ದರೆ ಪ್ಯಾರಲಾಕ್ಸ್‌ನಿಂದಾಗಿ ಗುರಿಚಿಹ್ನೆ ಗುರಿಯ ಮೇಲೆ ಸರಿದಾಡುತ್ತದೆ. ಮೌಂಟಿನ ತಪ್ಪೆಂದು ಅಂಗಡಿಗೆ ತಂದ ರೈಫಲ್‌ಗಳಲ್ಲಿ, ಮಾಲೀಕರನ್ನೇ ಕೂರಿಸಿ ನೋಡಿದಾಗ, ತಪ್ಪು ಕೆನ್ನೆಯದೆಂದು ಗೊತ್ತಾದ ಪ್ರಸಂಗಗಳು ಸಾಕಷ್ಟಿವೆ. ಎರಡು ಮೌಂಟುಗಳ ಎತ್ತರವನ್ನು ಸಾಧ್ಯವಾದಷ್ಟು ಒಂದೇ ಮಾಡಿಕೊಳ್ಳಿ.

ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟಾದ ಲಾಕ್‌ಟೈಟ್ ಹಚ್ಚಬೇಕೇ ಎಂದು ಹಲವರು ಕೇಳುತ್ತಾರೆ. ಮೌಂಟಿಗೆ ರೆಡ್ ಡಾಟ್ ಜೋಡಿಸುವ ಸ್ಕ್ರೂಗಳಿಗೆ ತಯಾರಕರು ಹೇಳಿದ್ದರೆ ನೀಲಿ ಬಣ್ಣದ್ದನ್ನು ಒಂದು ಹನಿ ಹಚ್ಚಬಹುದು, ಲಿವರಿಗಂತೂ ಎಂದೂ ಬೇಡ. ಸ್ಕೋಪ್ ಹಿಡಿಯುವ ಉಂಗುರಗಳ ಸ್ಕ್ರೂಗಳನ್ನು ಟಾರ್ಕ್ ಸ್ಕ್ರೂಡ್ರೈವರ್‌ನಿಂದ, ಸಾಮಾನ್ಯವಾಗಿ 15ರಿಂದ 18 ಇಂಚು-ಪೌಂಡ್‌ವರೆಗೆ ಬಿಗಿಯಬೇಕು. ಈ ಸ್ಕ್ರೂಗಳು ಸಡಿಲವಾಗಿದ್ದರೆ ಜನ ಬೈಯುವುದು ಲಿವರನ್ನು. ಪ್ರತಿ ಸ್ಕ್ರೂ ತಲೆಯಿಂದ ಮೌಂಟಿನವರೆಗೆ ಬಣ್ಣದ ಒಂದು ಗೆರೆ ಎಳೆದಿಡಿ. ಗೆರೆ ತುಂಡಾಗಿದ್ದರೆ ಸ್ಕ್ರೂ ತಿರುಗಿದೆ ಎಂದು ರೇಂಜ್‌ನಲ್ಲೇ ಗೊತ್ತಾಗುತ್ತದೆ.

ಇವೆಲ್ಲ ಸರಿಮಾಡಿದ ಮೇಲೆ 20 ತೋಟಾಗಳನ್ನು ಪರೀಕ್ಷೆಗೆಂದೇ ಮೀಸಲಿಡಿ, ಎಲ್ಲವೂ ಒಂದೇ ಪೆಟ್ಟಿಗೆಯವಾಗಿರಲಿ. ಮೊದಲು ಸ್ಕೋಪನ್ನು ಹೇಳಿದ ಕ್ರಮದಲ್ಲಿ ನಾಲ್ಕೈದು ಸಲ ಕಳಚಿ ಹಾಕಿ, ಕೈಗೆ ಅದು ಅಭ್ಯಾಸವಾಗಲಿ. ನಂತರ 100 ಗಜದಲ್ಲಿ, ಚೀಲದ ಮೇಲೆ ಒರಗಿಸಿ, ಸ್ಕೋಪನ್ನು ಮುಟ್ಟದೆ 10 ಗುಂಡು ಒಂದು ಹಾಳೆಗೆ ಹೊಡೆಯಿರಿ. ಹೊಸ ಹಾಳೆ ಹಾಕಿ, ಉಳಿದ 10 ಗುಂಡುಗಳನ್ನು, ಪ್ರತಿ ಗುಂಡಿನ ನಂತರ ರೈಫಲ್ ಖಾಲಿ ಮಾಡಿ, ಸ್ಕೋಪ್ ಕಳಚಿ, ಮತ್ತೆ ಹಾಕಿ ಹೊಡೆಯಿರಿ. ನಡುವೆ ಒಂದು ಕ್ಲಿಕ್ಕೂ ತಿರುಗಿಸಬೇಡಿ. ಎರಡನೆಯ ಹಾಳೆಯ ಹರಡುವಿಕೆ ಮೊದಲನೆಯದರಷ್ಟೇ ಇದ್ದು, ನಡುಬಿಂದುಗಳು ಒಂದು ಇಂಚಿನೊಳಗೆ ಇದ್ದರೆ ನಿಮ್ಮ ಮೌಂಟ್ ಚೆನ್ನಾಗಿದೆ. ಎರಡನೆಯದು ಎದ್ದು ಕಾಣುವಷ್ಟು ಹರಡಿದ್ದರೆ ಅದು ಪ್ರತಿ ಸಲವೂ ಬೇರೆಯಾಗಿ ಕೂರುತ್ತಿದೆ ಎಂದರ್ಥ, ಅಂಥದ್ದನ್ನು ಬದಲಿಸಿ. ಎರಡನೆಯದು ಬಿಗಿಯಾಗಿದ್ದೂ ಒಟ್ಟಾಗಿ ಒಂದು ಕಡೆಗೆ ಸರಿದಿದ್ದರೆ, ಮೊದಲ ಸಲ ಕೂರಿಸಿದ್ದರಲ್ಲಿ ಏನೋ ವ್ಯತ್ಯಾಸವಿತ್ತು. ಎರಡನೆಯ ಹಾಳೆಯ ನಡುಬಿಂದುವನ್ನೇ ನಂಬಿ ಜೀರೋ ಮಾಡಿಕೊಳ್ಳಿ. ದುಬಾರಿ ಮೌಂಟ್ ಕೊಂಡರೂ ಈ ಪರೀಕ್ಷೆ ತಪ್ಪುವುದಿಲ್ಲ, ಏಕೆಂದರೆ ಯಾವ ತಯಾರಕರಿಗೂ ನಿಮ್ಮ ರೈಲ್ ಗೊತ್ತಿಲ್ಲ. ಅತ್ಯುತ್ತಮ ಮೌಂಟ್ ಕೂಡ ಅದೇ ಬಿಂದುವಿಗೆ ಮರಳುವುದಿಲ್ಲ, ಅದರ ತೀರಾ ಸಮೀಪಕ್ಕೆ ಮರಳುತ್ತದೆ.

ಆ ಸಮೀಪ ನಿಮ್ಮ ಕೆಲಸಕ್ಕೆ ಸಾಕೇ ಎಂಬುದು ನಿಜವಾದ ಪ್ರಶ್ನೆ. ರೇಂಜ್‌ನಲ್ಲಿ ಒಂದು ಇಂಚು ತಪ್ಪಿದರೆ ಹಾಳೆಯಲ್ಲಿ ಒಂದು ತೂತು ಪಕ್ಕಕ್ಕೆ ಬೀಳುತ್ತದೆ. ಹಂದಿಯ ವಿಷಯದಲ್ಲಿ ಹಾಗಲ್ಲ. ಗುಂಡು ತಾಗಬೇಕಾದ ಜಾಗ ಅಂಗೈ ಅಗಲದ್ದು, 3 ಇಂಚು ಸರಿದರೆ ಪ್ರಾಣಿ ಗಾಯಗೊಂಡು ಪೊದೆಯೊಳಗೆ ಹೋಗಿ ನರಳುತ್ತದೆ. ಆದ್ದರಿಂದ ಬದಲಿಸಿದ ಮೇಲೆ ಖಚಿತಪಡಿಸಿಕೊಳ್ಳಲು ಎರಡು ಗುಂಡನ್ನಾದರೂ ಹೊಡೆಯದೆ ಬೇಟೆಗೆ ಹೋಗಬೇಡಿ; ರಾಂಚ್‌ನಲ್ಲಿ ಸುರಕ್ಷಿತ ಮಣ್ಣದಿಬ್ಬದ ಮುಂದೆ ಇದಕ್ಕೆ ಐದು ನಿಮಿಷ ಸಾಕು.

ಬದಲಿಸುವ ಪ್ರಮೇಯವೇ ಇಲ್ಲದ ದಾರಿಗಳೂ ಇವೆ. ಸ್ಕೋಪನ್ನು ಕಾಯಂ ಆಗಿ ಬಿಟ್ಟು, ಅದರ ಪಕ್ಕಕ್ಕೆ 45 ಡಿಗ್ರಿ ಕೋನದಲ್ಲಿ ಒಂದು ಚಿಕ್ಕ ರೆಡ್ ಡಾಟ್ ಕೂರಿಸಿದರೆ, ಹತ್ತಿರದ ಹಂದಿಗೆ ರೈಫಲನ್ನು ಸ್ವಲ್ಪ ವಾಲಿಸಿದರೆ ಸಾಕು. ತೂಕ ಸ್ವಲ್ಪ ಏರುತ್ತದೆ, ಪೊದೆಗಳಲ್ಲಿ ಸಿಕ್ಕಿಕೊಳ್ಳುತ್ತದೆ, ವಾಲಿಸುವ ಅಭ್ಯಾಸಕ್ಕೆ ಕೆಲವು ವಾರ ಬೇಕು. ರೆಡ್ ಡಾಟನ್ನೇ ಕಾಯಂ ಮಾಡಿ, ಅದರ ಹಿಂದೆ ಪಕ್ಕಕ್ಕೆ ಮಡಚುವ ಮ್ಯಾಗ್ನಿಫೈಯರ್ ಇಡುವುದು ಇನ್ನೊಂದು. ಗುರಿ ನಿರ್ಧರಿಸುವುದು ಮುಂದಿನ ಚುಕ್ಕೆಯಾದ್ದರಿಂದ ಮ್ಯಾಗ್ನಿಫೈಯರ್ ಹಾಕಿದರೂ ತೆಗೆದರೂ ಜೀರೋ ಬದಲಾಗುವುದಿಲ್ಲ. ಆದರೆ ಸಾಮಾನ್ಯವಾಗಿ 3 ಪಟ್ಟು ಸಿಗುವ ಅದರಿಂದ 300 ಗಜದಲ್ಲಿ ನಿಮ್ಮ ಸ್ಕೋಪಿನ ಕೆಲಸ ಆಗದು. ಮೂರನೆಯದು ಎರಡನೆಯ ಅಪ್ಪರ್, ಅಂದರೆ ನಳಿಗೆಯಿರುವ ಮೇಲರ್ಧವನ್ನೇ ಇನ್ನೊಂದು ಇಟ್ಟುಕೊಳ್ಳುವುದು. ಎರಡು ಪಿನ್ ತೆಗೆದರೆ ಅಪ್ಪರ್ ಬದಲಾಗುತ್ತದೆ, ನಳಿಗೆ ಮತ್ತು ಸ್ಕೋಪ್ ಎಂದೂ ಬೇರೆಯಾಗುವುದಿಲ್ಲವಾದ್ದರಿಂದ ಜೀರೋ ಅವುಗಳ ಜೊತೆಯೇ ಇರುತ್ತದೆ. ಖರ್ಚು ಇದಕ್ಕೇ ಹೆಚ್ಚು.

ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಸ್ಕೋಪಿಗೆ ಕ್ಯಾಂಟಿಲಿವರ್ ಮೌಂಟ್ ಹಾಕಿ, ಪಕ್ಕದಲ್ಲಿ ರೆಡ್ ಡಾಟ್ ಇಟ್ಟು, ಥರ್ಮಲ್ ಕೊಳ್ಳುವ ದಿನ ಬಂದಾಗ ಅದಕ್ಕೆಂದು ಬೇರೆ ಅಪ್ಪರ್ ಕಟ್ಟುತ್ತಿದ್ದೆ. ಥರ್ಮಲ್ ಸ್ಕೋಪುಗಳು ಭಾರವಾದವು, ಅವನ್ನು ಕತ್ತಲಿನಲ್ಲಿ ಕಳಚಿ ಹಾಕುವಾಗ ಕಚ್ಚು ತಪ್ಪುವುದು ಸುಲಭ. ಹಗಲಿನಲ್ಲಿ ಹಾಕಿ ನೋಡಿದ ಜೀರೋವನ್ನು ರಾತ್ರಿ ಖಚಿತಪಡಿಸಿಕೊಳ್ಳಲು ಬಿಸಿಯಾಗಿ ಕಾಣುವ ಗುರಿ ಬೇಕು. ಕೈ ಬೆಚ್ಚಗಿಡುವ ಪುಟ್ಟ ಪೊಟ್ಟಣವೊಂದನ್ನು ಹಾಳೆಗೆ ಅಂಟಿಸಿದರೆ ಆ ಕೆಲಸ ಆಗುತ್ತದೆ.

ಭಾವನವರ ವಿಚಾರಕ್ಕೆ ಬಂದರೆ, ದಯವಿಟ್ಟು ಏನನ್ನೂ ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೊರಡಬೇಡಿ. ಬಂದೂಕಿನ ಸ್ಕೋಪುಗಳು ಅಮೆರಿಕದ ವಾಣಿಜ್ಯ ಇಲಾಖೆಯ ರಫ್ತು ನಿಯಂತ್ರಣ ಪಟ್ಟಿಯಲ್ಲಿವೆ. ಉಡುಗೊರೆಯೆಂದು ಒಯ್ದರೂ ಅದು ರಫ್ತೇ, ಅನುಮತಿ ಬೇಕಾಗಬಹುದು. ಥರ್ಮಲ್ ವಿಷಯದಲ್ಲಿ ನಿಯಮ ಇನ್ನೂ ಬಿಗಿ. ಆ ಇಲಾಖೆಯನ್ನೂ ಭಾರತದ ಕಸ್ಟಮ್ಸ್‌ನವರನ್ನೂ ಲಿಖಿತವಾಗಿ ಕೇಳಿದ ಮೇಲೆಯೇ ಮುಂದಿನ ಮಾತು. ಅನುಮತಿ ಸಿಕ್ಕರೂ, ಆ ಹಳೆಯ ಮಾದರಿಯ ಬೋಲ್ಟ್ ರೈಫಲ್‌ನಲ್ಲಿ ಪಿಕಟಿನಿ ರೈಲ್ ಇರುವುದಿಲ್ಲ. ಲೈಸೆನ್ಸ್ ಇರುವ ದುರಸ್ತಿಗಾರರು ರಿಸೀವರಿಗೆ ತೂತು ಕೊರೆದು ಒಂದು ಆಧಾರ ಕೂರಿಸಬೇಕು, ಮತ್ತು ಆ ಆಧಾರಕ್ಕೆ ನಿಮ್ಮ ಮೌಂಟಿನ ಲಿವರನ್ನು ಮತ್ತೆ ಮೊದಲಿನಿಂದ ಹೊಂದಿಸಬೇಕು. ಭಾವನವರಿಗೆ ಅದರ ಮೇಲಿರುವ ಲೋಹದ ಗುರಿಕಣ್ಣೇ ಸಾಕೆಂದು ನನ್ನ ಅಭಿಪ್ರಾಯ.

ಸದ್ಯಕ್ಕೆ ಮೌಂಟನ್ನು ಹ್ಯಾಂಡ್‌ಗಾರ್ಡ್‌ನಿಂದ ಹಿಂದಕ್ಕೆ ತನ್ನಿ, ಲಿವರ್ ಹೊಂದಿಸಿ, 20 ಗುಂಡಿನ ಪರೀಕ್ಷೆ ಮಾಡಿ. ಕಣ್ಣಿಗೆ ಹತ್ತಿರವಾಗುವ ತೊಂದರೆಯನ್ನು ಅಷ್ಟರಮಟ್ಟಿಗೆ ಬಟ್ಟಿನ ಉದ್ದ ಬದಲಿಸಿ ನಿಭಾಯಿಸಬಹುದು. ಎರಡೂ ಹಾಳೆಗಳ ಮೇಲೆ ದಿನಾಂಕ, ಕಚ್ಚಿನ ಸಂಖ್ಯೆ, ತೋಟಾದ ಹೆಸರು ಬರೆದು ಅವುಗಳ ಚಿತ್ರ ಕಳುಹಿಸಿ. ಕ್ಯಾಂಟಿಲಿವರ್ ಮೌಂಟಿಗೆ ದುಡ್ಡು ಕೊಡುವ ಮೊದಲು ನಿಮ್ಮ ಹಳೆಯ ಮೌಂಟ್ ಉಳಿಸಿಕೊಳ್ಳಲು ತಕ್ಕದ್ದೇ ಎಂದು ಅವನ್ನು ನೋಡಿ ಹೇಳುತ್ತೇನೆ.